ಮರಳಿಗೆ ಬೇಕಾದ ಅಂಟು

ಬೆರಳುದ್ದದ ಸಿಪಾಯಿ ಗೊಂಬೆಗೆ ಎಷ್ಟೇ ನಾಜೂಕಾಗಿ ಬಣ್ಣ ಹಾಕಿ, ಮೀಸೆಯ ತುದಿ, ಸೊಂಟಪಟ್ಟಿಯ ಬಕಲ್ಲಿನವರೆಗೆ ತಿದ್ದಿ ಮುಗಿಸಿದರೂ, ಅದು ನಿಂತ ಬಿಲ್ಲೆ ಬೋಳು ಪ್ಲಾಸ್ಟಿಕ್ಕಾಗಿ ಉಳಿದಿದ್ದರೆ ಕೆಲಸ ಮುಗಿದಿಲ್ಲ ಅಂತಲೇ ಲೆಕ್ಕ. ಅದೇ ಬಿಲ್ಲೆಗೆ ಒಂದು ಚಿಟಿಕೆ ಮರಳು ಅಂಟಿಸಿ, ಮಣ್ಣಿನ ಬಣ್ಣ ಬಳಿದು, ಒಂದು ಬದಿಗೆ ನಾಲ್ಕು ಎಳೆ ಒಣಹುಲ್ಲು ನಿಲ್ಲಿಸಿ ನೋಡಿ. ಸಿಪಾಯಿಗೆ ಒಂದು ಊರು ಬರುತ್ತದೆ, ಒಂದು ಹವೆ ಬರುತ್ತದೆ. ಅವನು ನಿಂತಿರುವುದು ಬೇಸಿಗೆಯಲ್ಲೋ ಮಳೆ ಬಿಟ್ಟ ಮೇಲೋ ಗೊತ್ತಾಗುತ್ತದೆ. ಈ ಹವ್ಯಾಸದವರು ಇದನ್ನು ‘ಬೇಸಿಂಗ್’ ಅನ್ನುತ್ತಾರೆ. ಬಣ್ಣದ ಬಗ್ಗೆ, ಬ್ರಷ್ಷಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವವರು ಸಿಗುತ್ತಾರೆ. ಮರಳನ್ನು ಹಿಡಿದು ನಿಲ್ಲಿಸುವ ಬಿಳಿ ಅಂಟಿನ ಬಗ್ಗೆ ಕೂತು ಮಾತಾಡುವವರು ಕಡಿಮೆ. ನನಗೆ ಆ ಮಾತು ಆಡಬೇಕು ಅನ್ನಿಸಿ ಬಹಳ ದಿನವಾಯಿತು.

ಗೊಂಬೆ ಎಂದರೆ ಎಷ್ಟು ದೊಡ್ಡದು ಅಂತ ಮೊದಲು ಹೇಳಿಬಿಡುತ್ತೇನೆ. ಈಗ ಹೆಚ್ಚು ಚಾಲ್ತಿಯಲ್ಲಿರುವುದು 28 ಮಿ.ಮೀ. ಅಳತೆಯವು. ಅಂಥ ಒಂದು ಗೊಂಬೆ ನಿಲ್ಲುವ ದುಂಡನೆಯ ಬಿಲ್ಲೆಯ ಅಗಲ ಸಾಮಾನ್ಯವಾಗಿ 25 ಮಿ.ಮೀ.; 1990ರ ದಶಕದಲ್ಲಿ ಬಂದ ಸ್ಟೀಲಿನ ಒಂದು ರೂಪಾಯಿ ನಾಣ್ಯ ಮನೆಯಲ್ಲಿ ಎಲ್ಲಾದರೂ ಉಳಿದಿದ್ದರೆ ಅದನ್ನು ಕೈಗೆ ತೆಗೆದುಕೊಳ್ಳಿ, ಅದರ ಅಗಲವೂ ಸರಿಯಾಗಿ ಅಷ್ಟೇ. ಅಷ್ಟು ಜಾಗದಲ್ಲಿ ನಮಗೆ ಒಂದು ಪ್ರದೇಶವನ್ನೇ ಕೂರಿಸಬೇಕು.

ಈ ಹವ್ಯಾಸ ಹೆಚ್ಚಾಗಿ ಬೆಳೆದದ್ದು ಇಂಗ್ಲೆಂಡಿನಲ್ಲಿ. 1893ರಲ್ಲಿ ವಿಲಿಯಂ ಬ್ರಿಟನ್ ಅವರ ಕಂಪನಿ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ದು ಅಗ್ಗಕ್ಕೆ ಮಾರಲು ಶುರುಮಾಡಿತು. ಎಚ್. ಜಿ. ವೆಲ್ಸ್ ಅಂಥ ಗೊಂಬೆಗಳನ್ನು ನೆಲದ ಮೇಲೆ ಹರಡಿಕೊಂಡು ಆಡುವ ಯುದ್ಧದಾಟಕ್ಕೆ ನಿಯಮ ಬರೆದು 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ತಂದರು. ಆಗ ಗೊಂಬೆಯ ಕಾಲಡಿಯ ಪಟ್ಟಿಗೆ ಹಸಿರು ಬಣ್ಣ ಬಳಿದರೆ ಅದೇ ಹುಲ್ಲು. 1959ರಲ್ಲಿ ಏರ್‌ಫಿಕ್ಸ್ ಕಂಪನಿಯ ಪುಟ್ಟ ಮೆದು ಪ್ಲಾಸ್ಟಿಕ್ ಸಿಪಾಯಿಗಳು ಬಂದವು. 1983ರಲ್ಲಿ ‘ವಾರ್‌ಹ್ಯಾಮರ್’ ಎಂಬ ಗೊಂಬೆಗಳ ಯುದ್ಧದಾಟ ಬಂತು. ಮರಳು, ಬಣ್ಣ ಹಾಕಿದ ಮರದ ಹೊಟ್ಟು, ನಿಂತ ಹುಲ್ಲು ಇವೆಲ್ಲ ಬಿಲ್ಲೆಯ ಮೇಲೆ ಏರಿದ್ದು ಈ ಮಧ್ಯದಲ್ಲಿ. ಬೆಂಗಳೂರಿನಲ್ಲೂ ಇವತ್ತು ರಜೆಯ ದಿನ ಒಟ್ಟಿಗೆ ಕೂತು ಗೊಂಬೆಗೆ ಬಣ್ಣ ಹಾಕುವ ಗುಂಪುಗಳಿವೆ. ಮನೆಯಲ್ಲೇ ರೆಸಿನ್ನಿನಲ್ಲಿ ಗೊಂಬೆ ಮುದ್ರಿಸಿಕೊಳ್ಳುವವರೂ ಇದ್ದಾರೆ.

ಏರ್‌ಫಿಕ್ಸ್ ಸಿಪಾಯಿಗಳು ಬಂದ ಅದೇ 1959ರಲ್ಲಿ ನಮ್ಮ ದೇಶದಲ್ಲಿ ಬಲವಂತರಾಯ್ ಪಾರೇಖ್ ಅವರ ಕಂಪನಿ ಫೆವಿಕಾಲ್ ಅನ್ನು ಮಾರುಕಟ್ಟೆಗೆ ತಂದಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ನನ್ನ ಮೇಜಿನ ಮೇಲೆ ಅವೆರಡೂ ಪಕ್ಕಪಕ್ಕದಲ್ಲೇ ಇವೆ, ಹಾಗಾಗಿ ಆ ಇಸವಿ ನನಗೆ ಪ್ರೀತಿಯದು. ಫೆವಿಕಾಲ್ ಬರುವ ಮುಂಚೆ ಬಡಗಿಗಳು ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಸರೇಸನ್ನು ಬಿಸಿ ನೀರಿನಲ್ಲಿ ಕರಗಿಸಿ, ನಾತ ಸಹಿಸಿಕೊಂಡು, ಬಿಸಿ ಆರುವ ಮೊದಲೇ ಬಳಿಯಬೇಕಿತ್ತು. ಡಬ್ಬದ ಮುಚ್ಚಳ ತೆಗೆದು ತಣ್ಣಗೆ ಬಳಿಯಬಹುದಾದ ಬಿಳಿ ಅಂಟು ಅವರ ಕೆಲಸದ ದಿನವನ್ನೇ ಬದಲಿಸಿತು.

ಆ ಡಬ್ಬದ ಮೇಲೆ ಎರಡು ಆನೆಗಳು ವಿರುದ್ಧ ದಿಕ್ಕಿಗೆ ಎಳೆಯುತ್ತಿರುವ ಚಿತ್ರ ಎಲ್ಲರಿಗೂ ಗೊತ್ತು. ಆ ಚಿತ್ರ ನೋಡಿ ನೋಡಿ ನಮ್ಮ ಮನಸ್ಸಿನಲ್ಲಿ ಅಂಟು ಅಂದರೆ ಬಲ ಅಂತ ಕೂತುಬಿಟ್ಟಿದೆ. ಗೊಂಬೆಯ ಕೆಲಸಕ್ಕೆ ಹೊಸದಾಗಿ ಬಂದವರು ಅಂಗಡಿಯಲ್ಲಿ ಮೊದಲು ಕೇಳುವುದೂ ಅದನ್ನೇ: ಎಲ್ಲಕ್ಕಿಂತ ಗಟ್ಟಿ ಯಾವುದು? ಬಾಗಿಲಿನ ಚೌಕಟ್ಟಿಗೆ, ಮಂಚದ ಕಾಲಿಗೆ ಆ ಪ್ರಶ್ನೆ ಸರಿ. ಮರಳಿನ ಒಂದು ಕಣಕ್ಕೆ ಆನೆ ಬಲ ಬೇಕಿಲ್ಲ. ಅದರ ತೂಕ ಏನೂ ಇಲ್ಲ, ಅದನ್ನು ಯಾರೂ ಎಳೆಯುವುದಿಲ್ಲ. ಹೆಚ್ಚೆಂದರೆ ಗೊಂಬೆಯನ್ನು ಎತ್ತಿಡುವಾಗ ಒಂದು ಉಗುರು ತಾಗುತ್ತದೆ. ನಮಗೆ ಬೇಕಾದ ಗುಣಗಳೇ ಬೇರೆ. ಒಣಗಿದ ಮೇಲೆ ಅಂಟು ಕಣ್ಣಿಗೆ ಕಾಣಬಾರದು. ಮೇಲೆ ನೀರುಬಣ್ಣ ಹರಿಸಿದಾಗ ಮತ್ತೆ ಕರಗಿ ಮರಳನ್ನು ಬಿಟ್ಟುಕೊಡಬಾರದು. ತೀರಾ ಕುಗ್ಗಿ ಬಿಲ್ಲೆಯನ್ನು ಬಗ್ಗಿಸಬಾರದು. ಮರಳು ಉದುರಿಸುವಷ್ಟು ಹೊತ್ತಾದರೂ ಹಸಿಯಾಗಿರಬೇಕು. ಈ ನಾಲ್ಕೂ ಗುಣ ಅಗ್ಗದ ಅಂಟಿನಲ್ಲೇ ಸಿಗುತ್ತವೆ ಅನ್ನುವುದು ನನ್ನ ಮಾತು. ಹವ್ಯಾಸದ ಅಂಗಡಿಯಲ್ಲಿ ವಿದೇಶದ ಹೆಸರಿನ ಸಣ್ಣ ಸೀಸೆಗೆ ನೂರಾರು ರೂಪಾಯಿ ಕೊಡುವ ಅಗತ್ಯ ಖಂಡಿತ ಇಲ್ಲ. ಅದರಲ್ಲಿರುವುದೂ ಮೂಲತಃ ಇದೇ ಪದಾರ್ಥ.

ಆ ಪದಾರ್ಥದ ಹೆಸರು ಪಾಲಿವಿನೈಲ್ ಅಸಿಟೇಟ್, ಚಿಕ್ಕದಾಗಿ ಪಿವಿಎ. ಜರ್ಮನಿಯ ಫ್ರಿಟ್ಸ್ ಕ್ಲಾಟ್ಟೆ ಎಂಬ ರಸಾಯನಶಾಸ್ತ್ರಜ್ಞರು 1912ರಲ್ಲಿ ಕಂಡುಹಿಡಿದದ್ದು. ಡಬ್ಬದಲ್ಲಿ ಅದು ಕರಗಿದ ಸ್ಥಿತಿಯಲ್ಲಿ ಇರುವುದಿಲ್ಲ. ಹಾಲಿನ ನೀರಿನಲ್ಲಿ ಬೆಣ್ಣೆಯ ಕಣಗಳು ತೇಲುವ ಹಾಗೆ ಈ ಪ್ಲಾಸ್ಟಿಕ್ಕಿನ ಅತಿ ಸಣ್ಣ ಕಣಗಳು ನೀರಿನಲ್ಲಿ ತೇಲುತ್ತಿರುತ್ತವೆ. ಹಾಲು ಬೆಳ್ಳಗೆ ಕಾಣುವ ಕಾರಣವೇ ಇದರ ಬಿಳುಪಿಗೂ ಕಾರಣ: ತೇಲುವ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ. ನೀರು ಗಾಳಿಗೆ ಆರಿದಂತೆ, ಅಥವಾ ಮರ, ಕಾಗದ ಅದನ್ನು ಹೀರಿಕೊಂಡಂತೆ ಕಣಗಳು ಹತ್ತಿರ ಹತ್ತಿರ ಬಂದು ಒತ್ತಿಕೊಂಡು ಒಂದೇ ಪೊರೆಯಾಗುತ್ತವೆ. ಚೆದುರಿಸಲು ಬಿಡಿ ಕಣಗಳಿಲ್ಲದ ಮೇಲೆ ಬೆಳಕು ನೇರ ಹಾದುಹೋಗುತ್ತದೆ, ಅಂಟು ಗಾಜಿನಷ್ಟು ತಿಳಿಯಾಗುತ್ತದೆ. ಅಂಟು ಒಣಗಿತೋ ಇಲ್ಲವೋ ಅಂತ ಮುಟ್ಟಿ ನೋಡಬೇಕಿಲ್ಲ. ಮರಳಿನ ಸಂದಿಯಲ್ಲಿ ಬಿಳಿ ಉಳಿದಿದ್ದರೆ ಒಳಗೆ ಇನ್ನೂ ನೀರಿದೆ.

ಅಮೆರಿಕದಲ್ಲಿ ಈ ಬಿಳಿ ಅಂಟನ್ನು ಮನೆಮನೆಗೆ ತಲುಪಿಸಿದ್ದು ಬೋರ್ಡನ್ ಎಂಬ ಹಾಲಿನ ಕಂಪನಿ. ಹಾಲಿನ ಕೇಸಿನ್ನಿನಿಂದ ಅಂಟು ಮಾಡುವುದು ಅವರಿಗೆ ಮೊದಲೇ ಗೊತ್ತಿದ್ದ ವ್ಯಾಪಾರ. 1947ರಲ್ಲಿ ಕ್ಯಾಸ್ಕೊರೆಜ್ ಎಂಬ ಹೆಸರಿನಲ್ಲಿ ಬಿಳಿ ಅಂಟು ತಂದರು. 1951ರಲ್ಲಿ ಅದಕ್ಕೆ ಎಲ್ಮರ್ ಎಂಬ ಹೋರಿಯ ಹೆಸರಿಟ್ಟರು. ಎಲ್ಮರ್ ಅವರ ಹಾಲಿನ ಜಾಹೀರಾತಿನ ಎಲ್ಸಿ ಹಸುವಿನ ಗಂಡ. 1968ರಲ್ಲಿ ಅದೇ ಹೆಸರಿನಲ್ಲಿ ಶಾಲೆಯ ಮಕ್ಕಳಿಗೆ ಅಂತ ಇನ್ನೊಂದು ಅಂಟು ಬಂತು, ಬಟ್ಟೆಗೆ ತಾಗಿದರೆ ತೊಳೆದರೆ ಹೋಗುವಂಥದ್ದು. ತಾಯಂದಿರಿಗೆ ಅದು ವರ. ನಮಗೆ ಮಾತ್ರ ಅಲ್ಲಿ ಎಚ್ಚರ ಬೇಕು. ತೊಳೆದರೆ ಹೋಗುತ್ತದೆ ಅಂದರೆ ಒಣಗಿದ ಪೊರೆ ನೀರಿಗೆ ಮತ್ತೆ ಕರಗುತ್ತದೆ ಅಂತಲೇ ಅರ್ಥ. ಬಿಲ್ಲೆಯ ಮರಳಿನ ಮೇಲೆ ತೆಳು ಕಂದು ಬಣ್ಣವನ್ನು ಹೊಯ್ದ ಕ್ಷಣ ಅಂಥ ಅಂಟು ಸಡಿಲವಾಗಿ, ಮರಳು ಬ್ರಷ್ಷಿಗೆ ಹತ್ತಿಕೊಂಡು ಬರುತ್ತದೆ. ಬಾಟಲಿಯ ಮೇಲೆ ಎಲ್ಲಾದರೂ ‘ತೊಳೆಯಬಹುದು’ ಎಂದು ಬರೆದಿದ್ದರೆ ಅದನ್ನು ಮಕ್ಕಳ ಪುಸ್ತಕದ ಕೆಲಸಕ್ಕೆ ಇಟ್ಟುಕೊಳ್ಳಿ.

ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗನಿಗೂ ಇದೇ ಹುಚ್ಚು. ಒಂದು ಸಂಜೆ ಫೋನಿನಲ್ಲಿ ಕೇಳಿದ: “ಮಾವ, ಇಲ್ಲಿ ಬಿಲ್ಡರ್‌ಗಳು ಗೋಡೆಗೆ ಬಳಿಯೋ ಪಿವಿಎ ಐದು ಲೀಟರಿನ ಕ್ಯಾನ್ ತುಂಬಾ ಅಗ್ಗಕ್ಕೆ ಸಿಗುತ್ತೆ. ತಂದ್ಬಿಡ್ಲಾ? ಜೀವನಪೂರ್ತಿ ಆಗುತ್ತೆ.”

“ಬೇಡಪ್ಪ,” ಅಂದೆ. “ಮೊದಲನೇದಾಗಿ ಅದು ಗಾರೆ ಗೋಡೆ ನೀರು ಹೀರದ ಹಾಗೆ ಬಳಿಯೋಕೆ ಮಾಡಿದ್ದು, ತೆಳು ಇರುತ್ತೆ. ಎರಡನೇದು, ಅಂಟು ಜೀವನಪೂರ್ತಿ ಇರಲ್ಲ. ನಿಮ್ಮ ಚಳಿಗೆ ಶೆಡ್ಡಿನಲ್ಲಿ ಒಂದು ಸಲ ಹೆಪ್ಪುಗಟ್ಟಿದ್ರೆ ಮುಗೀತು, ಹಾಲು ಒಡೆದಂಗಾಗುತ್ತೆ, ಮತ್ತೆ ಸರಿಹೋಗಲ್ಲ. ಮರಗೆಲಸದ ಸಣ್ಣ ಬಾಟಲಿ ತಗೋ.”

ನಮ್ಮಲ್ಲಿ ಆ ಚಳಿಯ ಭಯವಿಲ್ಲ. ಆದರೆ ದೊಡ್ಡ ಡಬ್ಬ ಅಗ್ಗ ಅನ್ನುವ ಲೆಕ್ಕಾಚಾರ ಇಲ್ಲೂ ತಪ್ಪುತ್ತದೆ. ಪ್ರತಿ ಸಲ ಮುಚ್ಚಳ ತೆಗೆದಾಗ ಒಂದಷ್ಟು ನೀರು ಆರುತ್ತದೆ, ಮೇಲೆ ಕೆನೆ ಕಟ್ಟುತ್ತದೆ, ಆ ಕೆನೆಯ ಚೂರುಗಳು ಒಳಗೆ ಬಿದ್ದು ಗಂಟುಗಂಟಾಗುತ್ತವೆ. ಗೊಂಬೆ ಕೆಲಸ ಮಾಡುವವನಿಗೆ ಒಂದು ವರ್ಷಕ್ಕೆ ಬೇಕಾಗುವ ಅಂಟು ಬಡಗಿಯ ಒಂದು ಬೆಳಗಿನ ಖರ್ಚಿಗೂ ಸಾಲದಷ್ಟು. ಮುಗಿಯುವಷ್ಟು ಮಾತ್ರ ತರುವುದೇ ನಿಜವಾದ ಉಳಿತಾಯ.

ಹಾಗಾದರೆ ಅಂಗಡಿಯ ಶೆಲ್ಫಿನ ಮುಂದೆ ನಿಂತಾಗ ಏನು ನೋಡಬೇಕು? ಕಂದು ಬಣ್ಣದ ಗೋಂದಿನ ಸೀಸೆಯನ್ನು ಮೊದಲು ಬದಿಗಿಡಿ. ಲಕೋಟೆಗೆ ಅದು ಸಾಕು, ಇಲ್ಲಿ ಒಣಗಿ ಬಿರುಕು ಬಿಡುತ್ತದೆ. ಫೆವಿಕ್ವಿಕ್ ಥರದ ದಿಢೀರ್ ಅಂಟು ಗೊಂಬೆಯ ಪಾದವನ್ನು ಬಿಲ್ಲೆಗೆ ಕೂರಿಸಲು ಬೇಕೇ ಬೇಕು, ಮರಳಿಗೆ ಬೇಡ. ಅದು ಕ್ಷಣದಲ್ಲಿ ಹಿಡಿಯುವುದರಿಂದ ಮರಳು ಹರಡಲು ಬಿಡುವು ಕೊಡುವುದಿಲ್ಲ, ಅದರ ಆವಿ ಹತ್ತಿರದ ಬಣ್ಣದ ಮೇಲೆ ಬಿಳಿ ಪುಡಿ ಪುಡಿಯಾಗಿ ಕೂರುತ್ತದೆ. ನೀರಿಗೆ ಜಗ್ಗದ ‘ಮರೈನ್’ ಅಂಟು ಒಳ್ಳೆಯದೇ, ಆದರೆ ಅಡುಗೆಮನೆಯ ಸಿಂಕಿನ ಕೆಳಗಿನ ಪ್ಲೈವುಡ್ಡಿಗೆ ಅಂತ ಮಾಡಿದ್ದು, ಬೆಲೆಯೂ ಹೆಚ್ಚು. ಉಳಿಯುವುದು ಎರಡು: ಕಾಗದದ ಕೆಲಸಕ್ಕೆ ಬರುವ ಮೂತಿಯ ಬಾಟಲಿಯ ಬಿಳಿ ಅಂಟು, ಫೆವಿಕಾಲ್‌ನಲ್ಲಿ ಎಂಆರ್ ಅನ್ನುತ್ತಾರಲ್ಲ, ಅದು, ಮತ್ತೆ ಬಡಗಿಗಳ ಎಸ್‌ಎಚ್ ಥರದ ದಪ್ಪ ಅಂಟು. ಎರಡೂ ಆಗುತ್ತವೆ. ನಾನು ಆರಿಸುವುದು ಬಡಗಿಯ ಅಂಟನ್ನು. ಅದು ದಪ್ಪವಾಗಿರುವುದರಿಂದ ಬಿಲ್ಲೆಯ ಅಂಚಿನಿಂದ ಇಳಿದು ಸೋರುವುದಿಲ್ಲ, ತೆಳು ಬೇಕಾದಾಗ ನೀರು ಸೇರಿಸಿಕೊಳ್ಳಬಹುದು. ತೆಳು ಅಂಟನ್ನು ದಪ್ಪ ಮಾಡುವುದು ಆಗದ ಕೆಲಸ.

ಹೆಸರು ಕೇಳದ ಕಂಪನಿಯ ಅಂಟು ಅರ್ಧ ಬೆಲೆಗೆ ಸಿಕ್ಕರೆ? ಬೇಡ ಅಂತ ನಾನು ಹೇಳುವುದಿಲ್ಲ. ಪರೀಕ್ಷೆ ಮಾಡಿ. ಪರೀಕ್ಷೆಗೆ ಬೇಕಾದ್ದು ತೊಳೆದು ಒರೆಸಿದ ಒಂದು ನಂದಿನಿ ಹಾಲಿನ ಕವರು ಅಷ್ಟೆ. ಅದನ್ನು ಕತ್ತರಿಸಿ ಬಿಡಿಸಿ ಮೇಜಿನ ಮೇಲೆ ಹಾಸಿ, ಒಂದು ಚಮಚ ಅಂಟನ್ನು ಹಾಕಿ ಎರಡು ರೂಪಾಯಿ ನಾಣ್ಯದ ದಪ್ಪಕ್ಕೆ ಹರಡಿ. ಪಕ್ಕದಲ್ಲಿ ನಿಮಗೆ ನಂಬಿಕೆ ಇರುವ ಅಂಟನ್ನೂ ಅಷ್ಟೇ ಹರಡಿ. ಮುಟ್ಟದೆ ಬಿಡಿ. ಮೊದಲು ಅಂಚು ತಿಳಿಯಾಗುತ್ತದೆ, ಬಿಳಿ ನಿಧಾನಕ್ಕೆ ನಡುವಿಗೆ ಸರಿಯುತ್ತದೆ, ಕೊನೆಗೆ ಮಧ್ಯದ ಚುಕ್ಕಿಯೂ ಮಾಯವಾಗುತ್ತದೆ. ಪಿವಿಎ ಪಾಲಿಥೀನ್‌ಗೆ ಹತ್ತುವುದಿಲ್ಲವಾದ್ದರಿಂದ ಒಣಗಿದ ಪೊರೆ ಉಗುರು ಹಾಕಿ ಎಬ್ಬಿಸಿದರೆ ಇಡಿಯಾಗಿ ಬಿಟ್ಟುಬರುತ್ತದೆ. ಈಗ ಆ ಪೊರೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಒಳ್ಳೆಯ ಅಂಟಿನ ಪೊರೆಯ ಮೂಲಕ ಆಚೆಯ ಮರದ ಕೊಂಬೆ ಕಾಣುತ್ತದೆ. ಸೀಮೆಸುಣ್ಣದ ಪುಡಿಯೋ ಗಂಜಿಯೋ ಬೆರೆಸಿ ದಪ್ಪ ಮಾಡಿದ್ದರೆ ಮಬ್ಬು ಮಬ್ಬಾಗಿ ಉಳಿದಿರುತ್ತದೆ. ಅಂಥ ಅಂಟು ಬಿಲ್ಲೆಯ ಮೇಲೆ ಹುಲ್ಲಿನ ಬುಡದಲ್ಲಿ ಬೂದಿ ಬಣ್ಣದ ಕಲೆ ಬಿಡುತ್ತದೆ. ಪೊರೆಯನ್ನು ಮಡಿಸಿ ನೋಡಿ. ಬಾಗಿ, ಎಳೆದರೆ ಸ್ವಲ್ಪ ಹಿಗ್ಗಬೇಕು. ಹಪ್ಪಳದಷ್ಟು ಸುಲಭಕ್ಕೆ ಮುರಿದರೆ ಬೇಡ. ಆಮೇಲೆ ಒಂದು ಹನಿ ನೀರು ಅದರ ಮೇಲೆ ಇಟ್ಟು ಕಾಲು ಗಂಟೆ ಬಿಡಿ. ಯಾವ ಮಾಮೂಲಿ ಪಿವಿಎ ಆದರೂ ಹನಿ ಕೂತ ಜಾಗದಲ್ಲಿ ಮತ್ತೆ ಬೆಳ್ಳಗಾಗುತ್ತದೆ, ಅದು ಅದರ ಸ್ವಭಾವ. ಬೆಳ್ಳಗಾಗಿಯೂ ಗಟ್ಟಿ ಇದ್ದು, ನೀರು ಆರಿದ ಮೇಲೆ ಪುನಃ ತಿಳಿಯಾದರೆ ನೆಚ್ಚಬಹುದು. ಬೆರಳು ಆಡಿಸಿದಾಗ ಲೋಳೆಯಾಗಿ ಬಂದರೆ ಅಲ್ಲಿಗೆ ಅದರ ಕತೆ ಮುಗಿಯಿತು.

ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಇದ್ದವರು ಇನ್ನೊಂದು ಹೆಜ್ಜೆ ಹೋಗಬಹುದು. ಹತ್ತು ಗ್ರಾಂ ಅಂಟನ್ನು ಕವರಿನ ಚೂರಿನ ಮೇಲೆ ತೂಗಿ, ಪೂರ್ತಿ ಒಣಗಿದ ಮೇಲೆ ಪೊರೆಯನ್ನು ಮತ್ತೆ ತೂಗಿ. ಬಡಗಿಗಳು ಬಳಸುವ ಒಳ್ಳೆಯ ಅಂಟಿನಲ್ಲಿ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ, ಉಳಿದರ್ಧ ನೀರು. ಅರ್ಧ ಬೆಲೆಯ ಅಂಟಿನಲ್ಲಿ ಎರಡೂವರೆ ಗ್ರಾಂ ಮಾತ್ರ ಉಳಿದರೆ ಲೆಕ್ಕ ಸಮಸಮ ಆಯಿತು: ಅಗ್ಗವೂ ಇಲ್ಲ, ತುಟ್ಟಿಯೂ ಇಲ್ಲ, ನಲ್ಲಿಯ ನೀರನ್ನು ದುಡ್ಡು ಕೊಟ್ಟು ತಂದಿರುತ್ತೀರಿ. ನಾಲ್ಕು ಗ್ರಾಂ ಉಳಿದು, ಪೊರೆಯೂ ತಿಳಿಯಾಗಿದ್ದರೆ ಆ ಅಂಟು ನಿಜಕ್ಕೂ ಅಗ್ಗ. ಧೈರ್ಯವಾಗಿ ಕೊಳ್ಳಿ, ಗೆಳೆಯರಿಗೂ ಹೇಳಿ.

ಪಕ್ಕದ ಮನೆಯಲ್ಲಿ ವಾರ್ಡ್‌ರೋಬ್ ಮಾಡುತ್ತಿದ್ದ ಹಿರಿಯ ಬಡಗಿಯೊಬ್ಬರಿಗೆ ಈ ತಕ್ಕಡಿಯೂ ಬೇಕಿರಲಿಲ್ಲ. “ಆಚಾರ್ರೇ, ಡಬ್ಬ ತೆರೆದ ತಕ್ಷಣ ಅಂಟು ಒಳ್ಳೇದೋ ಅಲ್ವೋ ಅಂತ ಹೇಗೆ ಹೇಳ್ತೀರಿ?” ಅಂತ ಕೇಳಿದೆ. ಅವರು ಹೆಬ್ಬೆರಳಿಗೆ ಒಂದು ತೊಟ್ಟು ತೆಗೆದುಕೊಂಡು ತೋರುಬೆರಳಿನಿಂದ ಒತ್ತಿ ಒತ್ತಿ ಬಿಟ್ಟರು. “ನೋಡಿ ಸಾರ್, ಹಿಂಗೆ ಸ್ವಲ್ಪ ಹೊತ್ತಿಗೆ ನೂಲು ಬಿಡ್ಬೇಕು. ಕಲಬೆರಕೆ ಇದ್ರೆ ನೂಲು ಬರಲ್ಲ, ತಿಕ್ಕಿದ್ರೆ ಪುಡಿಪುಡಿಯಾಗಿ ಉದುರುತ್ತೆ.” ಆಮೇಲೆ ಇನ್ನೊಂದು ಮಾತು ಸೇರಿಸಿದರು: “ಯಾವ ಅಂಗಡೀಲಿ ದಿನಾ ಮಾಲು ಖರ್ಚಾಗುತ್ತೋ ಅಲ್ಲಿ ತಗೊಳ್ಳಿ. ಬಿಸಿಲಿಗೆ ಇಟ್ಟಿರೋ ಡಬ್ಬ ಮುಟ್ಬೇಡಿ. ಸೀಲ್ ನೋಡಿ, ತಾರೀಖು ನೋಡಿ.” ನಾನು ಓದಿ ತಿಳಿದದ್ದಕ್ಕೆಲ್ಲ ಅವರ ಬೆರಳಿನಲ್ಲಿ ಉತ್ತರವಿತ್ತು.

ಮರಳು, ಅಂಟು, ಗೊಂಬೆ ಅಂದಾಗ ನನ್ನ ಮನಸ್ಸು ಕೊಪ್ಪಳದ ಕಡೆ ಓಡದೆ ಇರುವುದಿಲ್ಲ. ಅಲ್ಲಿನ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗಳನ್ನು ಮಾಡುವ ಕ್ರಮವನ್ನು ಬೇಸಿಂಗ್ ಮಾಡುವ ಪ್ರತಿಯೊಬ್ಬರೂ ತಿಳಿಯಬೇಕು. ಕೈ, ಕಾಲು, ರೆಕ್ಕೆ, ಕಿರೀಟ ಹೀಗೆ ಬಿಡಿಬಿಡಿಯಾಗಿ ಕೆತ್ತಿದ ಭಾಗಗಳನ್ನು ಹುಣಸೆ ಬೀಜದ ಸರಿಯಿಂದ ಜೋಡಿಸುತ್ತಾರೆ. ಹಳೆಯ ಗೋಣಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು, ಹುಣಸೆ ಬೀಜದ ಸರಿ ಬೆರೆಸಿದರೆ ಬರುವುದು ‘ಕಿಟ್ಟ’. ಅದನ್ನು ಕೈಯಿಂದಲೇ ಗೊಂಬೆಯ ಮೈಗೆಲ್ಲ ಮೆತ್ತುತ್ತಾರೆ. ಅದರ ಮೇಲೆ ಹತ್ತಿ ಬಟ್ಟೆಯ ಚೂರು, ಅದರ ಮೇಲೆ ಬೆಣಚುಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಒಡವೆಗಳು ಉಬ್ಬಿ ಕಾಣಬೇಕಾದ ಕಡೆ ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಎಳೆ ಬಿಡುತ್ತಾರೆ. ಕಿನ್ನಾಳದ ಗರುಡನ ಕೊರಳ ಹಾರವನ್ನು ಹತ್ತಿರದಿಂದ ನೋಡಿದವರಿಗೆ ಆ ಉಬ್ಬಿನ ಚಂದ ಗೊತ್ತು. ಮೈಸೂರು ಚಿತ್ರಕಲೆಯಲ್ಲಿ ಚಿನ್ನದ ರೇಕಿನ ಅಡಿಯಲ್ಲಿ ಉಬ್ಬು ಕೊಡುವುದೂ ಪುಡಿ ಮತ್ತು ಅಂಟಿನ ಇಂಥದೇ ಹದದಿಂದ.

ಪುಡಿ, ಅಂಟು, ಮೇಲೆ ಬಣ್ಣ. ಹವ್ಯಾಸದ ಅಂಗಡಿಗಳಲ್ಲಿ ‘ಟೆಕ್ಸ್‌ಚರ್ ಪೇಸ್ಟ್’ ಅಂತ ಪುಟ್ಟ ಡಬ್ಬಿಯಲ್ಲಿ ದುಬಾರಿ ಬೆಲೆಗೆ ಮಾರುವುದು ಇದೇ ಕೂಡಿಕೆಯನ್ನು. ಬಡಗಿಯ ಬಿಳಿ ಅಂಟಿಗೆ ನಯವಾದ ಮರಳು, ಸ್ವಲ್ಪ ಮಣ್ಣಿನ ಬಣ್ಣ ಕಲಸಿದರೆ ಮನೆಯಲ್ಲೇ ಆಗುತ್ತದೆ. ನಾನು ಅದನ್ನು ಹಳೆಯ ಐಸ್‌ಕ್ರೀಂ ಕಡ್ಡಿಯಿಂದ ಬಿಲ್ಲೆಗೆ ಮೆತ್ತುತ್ತೇನೆ. ಹುಣಸೆ ಬೀಜದ ಸರಿಯನ್ನೇ ಬಳಸಬಾರದೇ ಅಂತ ಕೇಳಬಹುದು. ಬಳಸಬಹುದು, ಹಿಡಿತವೂ ಚೆನ್ನಾಗಿದೆ. ಆದರೆ ಅದು ಹುಳಕ್ಕೆ, ಬೂಷ್ಟಿಗೆ ಆಹಾರ. ಅದಕ್ಕಾಗಿಯೇ ಪುಸ್ತಕಕ್ಕೆ ರಟ್ಟು ಕಟ್ಟುವವರು ಮೈದಾ ಸರಿಗೆ ಮೈಲುತುತ್ತ ಹಾಕುತ್ತಿದ್ದರು. ಮೈಲುತುತ್ತ ವಿಷ, ಮಕ್ಕಳಿರುವ ಮನೆಯ ಮೇಜಿಗೆ ಅದು ಬೇಡ. ಪಿವಿಎ ಪೊರೆಯನ್ನು ಹುಳ ತಿನ್ನುವುದಿಲ್ಲ.

ಮರಳಿನ ವಿಷಯಕ್ಕೆ ಬರೋಣ, ಏಕೆಂದರೆ ಅಂಟು ಎಷ್ಟೇ ಒಳ್ಳೆಯದಿದ್ದರೂ ಕೊಳಕು ಮರಳಿನ ಮೇಲೆ ಕೂರುವುದಿಲ್ಲ. ಮನೆ ಕಟ್ಟುವಲ್ಲಿ ಈಗ ಸಿಗುವುದು ಎಂ-ಸ್ಯಾಂಡ್. ಕಲ್ಲು ಒಡೆದು ಮಾಡಿದ್ದರಿಂದ ಕಣಗಳು ಚೂಪು ಚೂಪಾಗಿ, ಪುಟ್ಟ ಬಂಡೆಗಳಾಗಿ ಕಾಣುತ್ತವೆ. ನಮಗೆ ಬಹಳ ಅನುಕೂಲ. ಆದರೆ ಅದರಲ್ಲಿ ದೂಳು ಜಾಸ್ತಿ. ಆ ದೂಳು ಅಂಟನ್ನು ತಾನೇ ಕುಡಿದು ಕಣಕ್ಕೆ ಏನೂ ಉಳಿಸುವುದಿಲ್ಲ. ಎರಡು ಮೂರು ನೀರಿನಲ್ಲಿ ತೊಳೆದು, ಬಿಸಿಲಿಗೆ ಹರಡಿ, ಹಿಟ್ಟಿನ ಜರಡಿಯಲ್ಲೊಮ್ಮೆ ರವೆಯ ಜರಡಿಯಲ್ಲೊಮ್ಮೆ ಆಡಿಸಿ ಬೇರೆ ಬೇರೆ ಡಬ್ಬಿಗೆ ಹಾಕಿಡಿ. 28 ಮಿ.ಮೀ. ಗೊಂಬೆಗೆ ಲೋಕ ಸುಮಾರು ಅರವತ್ತು ಪಟ್ಟು ದೊಡ್ಡದು. ಒಂದು ಮಿಲಿಮೀಟರಿನ ಕಣ ಸಿಪಾಯಿಯ ಕಾಲ ಬಳಿ ಆರು ಸೆಂಟಿಮೀಟರಿನ ಕಲ್ಲು. ಈ ಲೆಕ್ಕ ತಲೆಯಲ್ಲಿದ್ದರೆ ಜರಡಿಯ ಮಹತ್ವ ಹೇಳಬೇಕಿಲ್ಲ. ಕಡಲತೀರದ ಮರಳಾದರೆ ಉಪ್ಪು ಹೋಗುವಷ್ಟು ತೊಳೆಯಬೇಕು. ರಂಗೋಲಿ ಪುಡಿಯಲ್ಲಿ ತರಿತರಿಯಾದ ಬಿಳಿ ಪುಡಿ ನುಣ್ಣನೆಯ ಜಲ್ಲಿಗೆ ಸೊಗಸಾಗಿ ಒದಗುತ್ತದೆ. ಬಣ್ಣದ ರಂಗೋಲಿ ಬೇಡ, ಅಂಟಿನ ನೀರಿಗೆ ಬಣ್ಣ ಬಿಡುತ್ತದೆ.

ನನಗೆ ತುಂಬ ಇಷ್ಟದ ಕೆಲಸ ಮೈಸೂರು ಯುದ್ಧಗಳ ಸಿಪಾಯಿಗಳದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯ ಬಿರುಕಿನಲ್ಲಿ ಕಾದಾಡಿದವರನ್ನು ಇಂಗ್ಲೆಂಡಿನ ಹಸಿರು ಹುಲ್ಲಿನ ಮೇಲೆ ನಿಲ್ಲಿಸಲು ಮನಸ್ಸೊಪ್ಪುವುದಿಲ್ಲ. 1990ರ ದಶಕದಲ್ಲಿ ವಾರ್‌ಹ್ಯಾಮರ್ ಗೊಂಬೆಗಳಿಗೆಲ್ಲ ಬಿಲ್ಲೆಯ ಮೇಲೆ ಎದ್ದು ಕಾಣುವ ಹಸಿರು ಬಳಿಯುವ ರೂಢಿ ಇತ್ತು. ಅದು ಆ ನಾಡಿನ ಕಣ್ಣು. ನಮ್ಮವರಿಗೆ ಮೇ ತಿಂಗಳ ಒಣ ಕೆಮ್ಮಣ್ಣು ಬೇಕು, ಕಾವೇರಿಯ ಪಾತ್ರದ ಬಂಡೆ ಬೇಕು, ಒಣಗಿ ನಿಂತ ಹುಲ್ಲು ಬೇಕು. ಕೆಮ್ಮಣ್ಣನ್ನೇ ನೇರವಾಗಿ ಅಂಟಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದರಲ್ಲಿ ಜೇಡಿ ಇರುವುದರಿಂದ ಅಂಟಿನೊಡನೆ ಕೆಸರಾಗಿಬಿಡುತ್ತದೆ. ಮೊದಲು ಮರಳು ಅಂಟಿಸಿ ಒಣಗಿಸಿ, ಬಣ್ಣ ಹಾಕಿದ ಮೇಲೆ ನುಣ್ಣಗೆ ಜರಡಿ ಹಿಡಿದ ಕೆಮ್ಮಣ್ಣನ್ನು ಒಣ ಬ್ರಷ್ಷಿನಿಂದ ತೇಲಿಸಿ ಸವರಿದರೆ ನಿಜವಾದ ದೂಳು ಕೂತಂತೆಯೇ ಇರುತ್ತದೆ.

ನವರಾತ್ರಿಯ ಬೊಂಬೆ ಹಬ್ಬದಲ್ಲಿ ‘ಪಾರ್ಕು’ ಮಾಡಿದ ಅಭ್ಯಾಸ ಇರುವ ಮನೆಯವರಿಗೆ ಈ ವಿದ್ಯೆ ಬೇಗ ಹತ್ತುತ್ತದೆ. ಮರದ ಹೊಟ್ಟಿಗೆ ಹಸಿರು ಬಣ್ಣ ಹಾಕಿ ಹುಲ್ಲುಹಾಸು ಮಾಡುವುದು, ತಟ್ಟೆಯಲ್ಲಿ ರಾಗಿ ಮೊಳಕೆ ಬರಿಸಿ ಗದ್ದೆ ತೋರಿಸುವುದು, ಕನ್ನಡಿ ಇಟ್ಟು ಕೆರೆ ಮಾಡುವುದು ನಮ್ಮ ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದದ್ದು. ಹಬ್ಬ ಮುಗಿದ ಮೇಲೆ ಬಿಚ್ಚಿಡುವ ಲೋಕವಾದ್ದರಿಂದ ಅಲ್ಲಿ ಅಂಟು ಬೇಕಾಗುವುದಿಲ್ಲ. ಕೈಯಲ್ಲಿ ಹಿಡಿದು ಆಡುವ, ಪೆಟ್ಟಿಗೆಯಲ್ಲಿ ಊರೂರಿಗೆ ಹೋಗುವ ಗೊಂಬೆಗೆ ಬೇಕು. ಮಿಕ್ಕಂತೆ ಕಣ್ಣೂ ಕೈಯೂ ಒಂದೇ.

ಅಂಟಿಸುವ ರೀತಿ ಸರಳ. ಪ್ಲಾಸ್ಟಿಕ್ ಬಿಲ್ಲೆ ನೀರು ಹೀರುವುದಿಲ್ಲ, ಆದ್ದರಿಂದ ಎಮರಿ ಪೇಪರಿನಿಂದ ಮೇಲ್ಮೈಯನ್ನು ಚೆನ್ನಾಗಿ ತರಿ ಮಾಡಿ. ಹಳೆಯ ಬ್ರಷ್ಷಿನಿಂದ ಅಂಟನ್ನು ಪಾದದ ಸಂದಿಗೂ ತಲುಪುವಂತೆ ಬಳಿದು, ಗೊಂಬೆಯನ್ನು ಮರಳಿನ ಡಬ್ಬಿಯಲ್ಲಿ ಇಳಿಸಿ, ಎತ್ತಿ, ಬುಡವನ್ನು ಒಮ್ಮೆ ತಟ್ಟಿ. ರಾತ್ರಿಯಿಡೀ ಬಿಡಿ. ಮರುದಿನ ಒಂದು ಪಾಲು ಅಂಟಿಗೆ ಮೂರು ಪಾಲು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ ಸೇರಿಸಿ, ಇಂಕ್ ಫಿಲ್ಲರಿನಿಂದ ಮರಳಿನ ಅಂಚಿಗೆ ತಾಗಿಸಿ. ಸೋಪು ನೀರಿನ ಬಿಗಿತವನ್ನು ಇಳಿಸುವುದರಿಂದ ಆ ತೆಳು ಅಂಟು ಕಣಕಣದ ಮಧ್ಯೆ ತಾನಾಗಿ ಹರಿದುಹೋಗುತ್ತದೆ. ಪುಟಾಣಿ ರೈಲಿನ ಹಳಿಗಳ ನಡುವಿನ ಜಲ್ಲಿಯನ್ನು ಹವ್ಯಾಸಿಗಳು ಕೂರಿಸುವುದೂ ಹೀಗೇ. ಬೋರ್‌ವೆಲ್ಲಿನ ಗಡಸು ನೀರು ಬೇಡ, ಒಣಗಿದಾಗ ಬಿಳಿ ಕಲೆ ಬಿಡುತ್ತದೆ. ಕುಡಿಯುವ ನೀರು ಒಂದು ಚಮಚ ಸಾಕು. ಈ ಎರಡನೆಯ ಲೇಪ ಒಣಗಿದ ಮೇಲೆ ಪ್ರೈಮರ್ ಹೊಡೆದು ಆಮೇಲೆ ಬಣ್ಣ ಹಾಕಿದರೆ ಮಾಮೂಲಿ ಪಿವಿಎ ಕೂಡ ನೀರುಬಣ್ಣಕ್ಕೆ ಅಲುಗುವುದಿಲ್ಲ. ಬಿಲ್ಲೆ ರಟ್ಟಿನದೋ ತೆಳು ಎಂಡಿಎಫ್‌ನದೋ ಆಗಿದ್ದರೆ ಅಂಟು ಕುಗ್ಗುವಾಗ ಅಂಚು ಮೇಲೇಳುತ್ತದೆ. ಅಡಿಗೂ ಅಷ್ಟೇ ಅಂಟು ಬಳಿದುಬಿಡಿ, ಎರಡೂ ಕಡೆ ಎಳೆತ ಸಮನಾಗಿ ಚಪ್ಪಟೆಯಾಗಿಯೇ ಒಣಗುತ್ತದೆ.

ಮಳೆಗಾಲದ ಮಂಗಳೂರಿನಲ್ಲಿ, ಮಡಿಕೇರಿಯಲ್ಲಿ ‘ರಾತ್ರಿಯಿಡೀ’ ಸಾಲದು. ಗಾಳಿಯಲ್ಲೇ ನೀರು ತುಂಬಿರುವಾಗ ಅಂಟಿನ ನೀರು ಹೋಗುವುದೆಲ್ಲಿಗೆ? ಬಿಳಿ ಪೂರ್ತಿ ಹೋಗುವ ತನಕ ಕಾಯಿರಿ, ಫ್ಯಾನಿನ ಕೆಳಗಿಡಿ. ಕುದಿಸಿ ಬಿಟ್ಟ ಟೀ ಪುಡಿಯನ್ನು ಕಾಡಿನ ನೆಲಕ್ಕೆ ಬಳಸುವವರು ಅದನ್ನು ಬಾಣಲೆಯಲ್ಲಿ ಪೂರ್ತಿ ಒಣಗುವಂತೆ ಹುರಿದು ಬಳಸಲಿ, ಇಲ್ಲವಾದರೆ ಬೂಷ್ಟು ಬಂದೇ ಬರುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ಮಾತು ಬೇರೆ: ಪಿವಿಎ ಶಾಖಕ್ಕೆ ಮೆದುವಾಗುವ ಪದಾರ್ಥ, ಮುಚ್ಚಿದ ಕಾರಿನಲ್ಲಿ ಗೊಂಬೆಯ ಪೆಟ್ಟಿಗೆ ಬಿಡಬೇಡಿ.

ಹಳೆಯ ಸೀಸದ ಗೊಂಬೆಗಳನ್ನು ಜೋಪಾನವಾಗಿ ಇಟ್ಟುಕೊಂಡಿರುವವರಿಗೆ ಒಂದು ಮಾತು ಹೇಳಲೇಬೇಕು. ಪಿವಿಎ ಹಳತಾದಂತೆ ಅತ್ಯಲ್ಪ ಪ್ರಮಾಣದಲ್ಲಿ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ, ಸೀಸಕ್ಕೆ ಆ ಆವಿ ಆಗದು. ಬಿಳಿ ಪುಡಿಯಾಗಿ ಸವೆಯುತ್ತದೆ. ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ಇದು ಜಾಸ್ತಿ. ಅಂಥ ಗೊಂಬೆಯ ಪಾದಕ್ಕೆ ಮೊದಲು ಬಣ್ಣವೋ ವಾರ್ನಿಷೋ ಹಚ್ಚಿ, ಬಿಲ್ಲೆಗೆ ಎಪಾಕ್ಸಿಯಿಂದ ಕೂರಿಸಿ, ಪೆಟ್ಟಿಗೆಗೆ ಗಾಳಿಕಂಡಿ ಬಿಡಿ. ಈಗಿನ ಪ್ಲಾಸ್ಟಿಕ್, ರೆಸಿನ್ ಗೊಂಬೆಗಳಿಗೆ ಈ ತಾಪತ್ರಯ ಇಲ್ಲ.

ನೀವು ಇವತ್ತೇ ಶುರುಮಾಡುವುದಾದರೆ ಹವ್ಯಾಸದ ಅಂಗಡಿಗೆ ಹೋಗುವುದು ಬೇಡ. ನಿಮ್ಮ ಬೀದಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಬಡಗಿಗಳು ಒಯ್ಯುವ ಬಿಳಿ ಅಂಟಿನಲ್ಲಿ ಅತಿ ಚಿಕ್ಕ ಡಬ್ಬ ಕೇಳಿ, ತಾರೀಖು, ಸೀಲು ನೋಡಿ ತನ್ನಿ. ಒಂದು ಚಮಚವನ್ನು ಹಾಲಿನ ಕವರಿನ ಮೇಲೆ ಒಣಗಿಸಿ ಬೆಳಕಿಗೆ ಹಿಡಿಯಿರಿ. ಆಚೆ ಬದಿ ಕಂಡರೆ ಅದೇ ನಿಮ್ಮ ಅಂಟು, ಬೇರೆ ಹುಡುಕಬೇಡಿ.